ಹೆಣ್ಣು ಫೈಟರ್‌ಗಳ ಗುಂಪು ಏಕೆ ಬೇಡ: ಆಕ್ಷೇಪಗಳಿಗೆ ಉತ್ತರ

ಹೆಣ್ಣು ಬೆಟ್ಟಾ ಮೀನುಗಳನ್ನು ಐದಾರು ಸೇರಿಸಿ ಒಂದೇ ಅಕ್ವೇರಿಯಂನಲ್ಲಿ ಸಾಕಬೇಡಿ ಎಂದು ನಾನು ಹೇಳುತ್ತ ಬಂದಿದ್ದೇನೆ. ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಮೀನು ಸಾಕುವ ಹಲವರಿಗೆ ಈ ಮಾತು ಹಿಡಿಸಿಲ್ಲ. ಫೈಟರ್ ಎಂದೇ ಎಲ್ಲರೂ ಕರೆಯುವ ಈ ಮೀನಿನ ಗಂಡುಗಳನ್ನು ಜೊತೆಗಿಡಬಾರದು ಎಂಬುದನ್ನು ಅವರೂ ಒಪ್ಪುತ್ತಾರೆ. ಹೆಣ್ಣುಗಳ ವಿಷಯ ಬಂದಾಗ ಮಾತ್ರ ಒಂದರ ಹಿಂದೆ ಒಂದು ಆಕ್ಷೇಪ ಬರುತ್ತದೆ. ಬಣ್ಣಬಣ್ಣದ ಆರು ಹೆಣ್ಣುಗಳು ಹಸಿರು ಗಿಡಗಳ ನಡುವೆ ಓಡಾಡುವ ತೊಟ್ಟಿ ಕಣ್ಣಿಗೆ ಹಬ್ಬವೇ ಸರಿ, ಅದರ ಆಸೆ ನನಗೂ ಅರ್ಥವಾಗುತ್ತದೆ. ಹಾಗಾಗಿ ಯಾವ ಆಕ್ಷೇಪವನ್ನೂ ತೇಲಿಸಿ ಬಿಡದೆ, ಅವರು ಹೇಳುವ ಮಾತಿನಲ್ಲೇ ಮುಂದಿಟ್ಟು, ಒಂದೊಂದಕ್ಕೂ ಉತ್ತರ ಕೊಡುತ್ತೇನೆ.

1. “ಜಗಳಾ ಆಡೋದು ಗಂಡು ರೀ. ಹೆಣ್ಣು ಏನೂ ಮಾಡಂಗಿಲ್ಲ.”

ಹೆಣ್ಣಿನ ರೆಕ್ಕೆ ಗಿಡ್ಡ, ಬಣ್ಣ ತುಸು ಮಂಕು, ಕಿವಿರಿನ ಕೆಳಗಿನ ಗಡ್ಡವೂ ಸಣ್ಣದು. ಅದನ್ನು ನೋಡಿ ಸ್ವಭಾವವೂ ಮೆತ್ತಗೆ ಎಂದುಕೊಳ್ಳುವುದು ಸಹಜ. ಆದರೆ ಎದುರಿಗೆ ಇನ್ನೊಂದು ಹೆಣ್ಣು ಬಂದಾಗ ಅದೂ ಕಿವಿರಿನ ಮುಚ್ಚಳ ಅರಳಿಸುತ್ತದೆ, ಮೈ ಬಣ್ಣ ಗಾಢ ಮಾಡಿಕೊಳ್ಳುತ್ತದೆ, ಪಕ್ಕಕ್ಕೆ ಪಕ್ಕ ನಿಂತು ಬಾಲ ಬಡಿಯುತ್ತದೆ, ಕೊನೆಗೆ ಕಚ್ಚುತ್ತದೆ. ಇದು ಇತ್ತೀಚೆಗೆ ಗೊತ್ತಾದ ವಿಷಯವೂ ಅಲ್ಲ. ಹೆಣ್ಣು ಬೆಟ್ಟಾಗಳ ಆಕ್ರಮಣವನ್ನೇ ವಿಷಯವಾಗಿಟ್ಟುಕೊಂಡು ಜೇಮ್ಸ್ ಬ್ರಾಡಾಕ್ ಮತ್ತು ಝೋರಾ ಬ್ರಾಡಾಕ್ 1955ರಲ್ಲೇ ಅಧ್ಯಯನ ಪ್ರಕಟಿಸಿದ್ದರು. ಹೆಣ್ಣುಗಳ ನಡುವೆ ಯಾರು ಮೇಲು, ಯಾರು ಕೆಳಗು ಎಂಬ ಶ್ರೇಣಿ ಏರ್ಪಡುವುದನ್ನು ಅವರು ಗುರುತಿಸಿದರು.

ಇದಕ್ಕಿಂತ ಮುಖ್ಯವಾದದ್ದು 2019ರ ಅಧ್ಯಯನ. ಆಂಡ್ರೇಯಾ ರಾಮೋಸ್ ಮತ್ತು ಡೇವಿಡ್ ಗೊನ್ಸಾಲ್ವೆಸ್ ಎಂಬ ಸಂಶೋಧಕರು ಕಾಳಗಕ್ಕಾಗಿ ತಲೆಮಾರುಗಳಿಂದ ಆರಿಸಿ ಬೆಳೆಸಿದ ತಳಿಯ ಹೆಣ್ಣುಗಳನ್ನೂ ಕಾಡುತಳಿಯ ಹೆಣ್ಣುಗಳನ್ನೂ ಹೋಲಿಸಿ ನೋಡಿದರು. ಕಾಳಗಕ್ಕೆ ಬಿಡುವುದು ಗಂಡುಗಳನ್ನು ಮಾತ್ರ. ಗೆದ್ದ ಗಂಡನ್ನು ತಳಿಗೆ ಇಟ್ಟುಕೊಳ್ಳುವುದು ವಾಡಿಕೆ. ಹಾಗಿದ್ದೂ ಆ ತಳಿಯ ಹೆಣ್ಣುಗಳು ಕಾಡುತಳಿಯ ಹೆಣ್ಣುಗಳಿಗಿಂತ ಹೆಚ್ಚು ಆಕ್ರಮಣಕಾರಿಯಾಗಿದ್ದವು. ಎಂದೂ ಕಣಕ್ಕೆ ಇಳಿಯದ ಹೆಣ್ಣಿಗೂ ಆ ಗುಣ ಬಂದಿತ್ತು. ಥಾಯ್ಲೆಂಡಿನ ಈ ಮೀನನ್ನು ಮನುಷ್ಯ ಕನಿಷ್ಠ 400 ವರ್ಷಗಳಿಂದ ಸಾಕುತ್ತ ಬಂದಿದ್ದಾನೆ ಎಂದು 2022ರ ವಂಶವಾಹಿ ಅಧ್ಯಯನವೊಂದು ಅಂದಾಜು ಮಾಡಿದೆ. ಇಷ್ಟು ಕಾಲದ ಆಯ್ಕೆಯ ಫಲ ಗಂಡಿನಲ್ಲಿ ಮಾತ್ರ ನಿಂತು ಹೆಣ್ಣನ್ನು ಬಿಟ್ಟುಹೋಗುತ್ತದೆ ಎಂದು ನಂಬಲು ಯಾವ ಆಧಾರವೂ ಇಲ್ಲ.

2. “ಅಂಗಡ್ಯಾಗ, ಫಾರ್ಮಿನ್ಯಾಗ ನೂರಾರು ಹೆಣ್ಣು ಒಂದೇ ಕಡಿ ಇರ್ತಾವಲ್ರಿ?”

ಇರುತ್ತವೆ. ಅವು ಯಾವ ವಯಸ್ಸಿನವು, ಎಷ್ಟು ದಿನ ಇರುತ್ತವೆ ಎಂಬುದನ್ನೂ ಕೇಳಬೇಕು. ಫಾರ್ಮ್‌ನಲ್ಲಿ ಒಟ್ಟಿಗಿರುವವು ಬಹುಪಾಲು ಒಂದೇ ಸಂತಾನದ ಮರಿಗಳು. ಮೊಟ್ಟೆಯಿಂದ ಹೊರಬಂದ ದಿನದಿಂದ ಜೊತೆಗೇ ಬೆಳೆದವು, ಇನ್ನೂ ಪೂರ್ತಿ ಬಲಿಯದವು. ಗಂಡುಗಳು ಬಲಿಯುತ್ತಿದ್ದಂತೆ ಅವನ್ನು ತೆಗೆದು ಬಾಟಲಿಗೆ ಹಾಕುತ್ತಾರೆ, ಹೆಣ್ಣುಗಳನ್ನು ಮಾರಾಟದವರೆಗೆ ಹಾಗೆಯೇ ಬಿಡುತ್ತಾರೆ. ಅಲ್ಲಿ ಒಂದಷ್ಟು ಮೀನು ಸತ್ತರೆ, ರೆಕ್ಕೆ ಹರಿದುಕೊಂಡರೆ ಅದು ವ್ಯಾಪಾರದ ಲೆಕ್ಕದಲ್ಲಿ ಸೇರಿಹೋಗುತ್ತದೆ. ಚೆನ್ನೈನ ಕೊಳತ್ತೂರಿನಂಥ ದೊಡ್ಡ ಮಾರುಕಟ್ಟೆಯಿಂದ ಹೊರಟು ಹೈದರಾಬಾದಿಗೋ ಕಲಬುರಗಿಗೋ ಬಂದು ಅಂಗಡಿಯ ಟಬ್ಬಿಗೆ ಇಳಿಯುವ ಹೊತ್ತಿಗೆ ಮೀನು ಪ್ರಯಾಣದಿಂದ ಬಸವಳಿದಿರುತ್ತದೆ, ಗೊತ್ತಿಲ್ಲದ ನೀರಿಗೆ ಬಿದ್ದಿರುತ್ತದೆ. ಕಾಯಲು ತನ್ನದೆಂಬ ಮೂಲೆ ಇಲ್ಲದ ಜಾಗದಲ್ಲಿ ಅದು ಜಗಳಕ್ಕೆ ಹೋಗುವುದು ಕಡಿಮೆ.

ವಾಡಿ ಜಂಕ್ಷನ್ನಿನ ವೇಟಿಂಗ್ ಹಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ಸುಮ್ಮನೆ ಕೂತವರನ್ನು ಕಂಡು, ಇವರೆಲ್ಲ ಒಂದೇ ಮನೆಯಲ್ಲಿ ಬಾಳಬಲ್ಲರು ಎಂದು ಯಾರೂ ತೀರ್ಮಾನಿಸುವುದಿಲ್ಲ. ಅಂಗಡಿಯ ಟಬ್ಬಿನ ಶಾಂತಿಯೂ ಅಂಥದೇ, ಕಾಯುವ ಹೊತ್ತಿನದು. ಬೇರೆ ಬೇರೆ ಟಬ್ಬಿನಿಂದ, ಬೇರೆ ಬೇರೆ ಅಂಗಡಿಯಿಂದ ಆರಿಸಿ ತಂದ ಬಲಿತ ಹೆಣ್ಣುಗಳನ್ನು ಮನೆಯ ತೊಟ್ಟಿಗೆ ಬಿಟ್ಟು ಮೂರು ನಾಲ್ಕು ವಾರ ಕಳೆಯಲಿ. ಹೊಟ್ಟೆ ತುಂಬ ತಿಂದು, ಮೈ ಬಲಿತು, ಮೊಟ್ಟೆ ಕಟ್ಟಿದ ಮೇಲೆ ಪ್ರತಿಯೊಂದಕ್ಕೂ ತನ್ನದೊಂದು ಜಾಗ ಬೇಕಾಗುತ್ತದೆ. ನಿಜವಾದ ಪರೀಕ್ಷೆ ಶುರುವಾಗುವುದು ಅಲ್ಲಿಂದ.

3. “ಅವರ ದೇಶದಾಗ ಗದ್ದ್ಯಾಗ ಕೂಡೇ ಇರ್ತಾವ್ರಿ.”

ಮಧ್ಯ ಥಾಯ್ಲೆಂಡಿನ ಬಯಲಿನಲ್ಲಿ, ಭತ್ತದ ಗದ್ದೆ ಮತ್ತು ಜೌಗುನೆಲದ ಆಳವಿಲ್ಲದ ನೀರಿನಲ್ಲಿ ಇವು ಬದುಕುತ್ತವೆ ಎಂಬುದು ನಿಜ. ಅಲ್ಲಿ ನೀರಿಗಿಂತ ಹುಲ್ಲೇ ಹೆಚ್ಚು, ಒಂದು ಮೊಳದಾಚೆ ಏನಿದೆಯೆಂದು ಮೀನಿಗೆ ಕಾಣುವುದಿಲ್ಲ. ಎರಡು ಹೆಣ್ಣುಗಳು ಎದುರಾದರೆ ಸೋತದ್ದು ತಿರುಗಿ ಈಜಿ ಹೋಗುತ್ತದೆ, ಅಲ್ಲಿಗೆ ಜಗಳ ಮುಗಿಯಿತು. ಸೋತ ಮೀನು ಹೊರಟುಹೋಗಲು ದಾರಿ ಇದೆ ಎಂಬುದೇ ಆ ಗದ್ದೆಯ ಶಾಂತಿಗೆ ಕಾರಣ.

ನಮ್ಮ ಮನೆಗಳ ಮಾಮೂಲಿ ಅಕ್ವೇರಿಯಂ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಅಂಚಿನವರೆಗೆ ತುಂಬಿದರೂ ಹೆಚ್ಚೆಂದರೆ 55 ಲೀಟರ್ ಹಿಡಿಯುತ್ತದೆ. ಕೆಳಗೆ ಜಲ್ಲಿ, ಮೇಲೆ ಉಸಿರಿಗೆ ಬಿಟ್ಟ ಜಾಗ ಕಳೆದರೆ 45 ಲೀಟರ್ ಉಳಿದೀತು. ಓಡಿದ ಮೀನು ಎರಡಡಿಗೆ ಗಾಜಿಗೆ ಬಡಿಯುತ್ತದೆ. ಅಟ್ಟಿಸಿಕೊಂಡು ಬಂದದ್ದರ ಕಣ್ಣಿಗೆ ಅದು ಇನ್ನೂ ಅಲ್ಲೇ ಇದೆ, ಇನ್ನೂ ಜಾಗ ಬಿಟ್ಟಿಲ್ಲ. ಆದ್ದರಿಂದ ಅಟ್ಟುವುದು ನಿಲ್ಲುವುದಿಲ್ಲ. ಗದ್ದೆಯ ಉದಾಹರಣೆ ಕೊಡುವವರು ಆ ಗದ್ದೆಯ ವಿಸ್ತಾರವನ್ನೂ ಜೊತೆಗೆ ಕೊಡಬೇಕು.

4. “ಮೂರು ನಾಕು ಹಾಕಿದ್ರ ಜಗಳಾ. ಆರೇಳು ಹಾಕಿದ್ರ ಪೆಟ್ಟು ಹಂಚಿ ಹೋಗ್ತದ.”

ಇದರಲ್ಲಿ ಸ್ವಲ್ಪ ಸತ್ಯವಿದೆ. ಎರಡೇ ಮೀನಿದ್ದರೆ ಪೆಟ್ಟೆಲ್ಲ ಒಂದರ ಮೇಲೆಯೇ ಬೀಳುತ್ತದೆ, ಏಳಿದ್ದರೆ ದೊಡ್ಡದರ ಗಮನ ಚದುರುತ್ತದೆ. ಆದರೆ ಪೆಟ್ಟು ಹಂಚಿಹೋಯಿತು ಎಂದರೆ ಪೆಟ್ಟು ಇಲ್ಲವಾಯಿತು ಎಂದಲ್ಲ. ಇನ್ನಷ್ಟು ಮೀನುಗಳ ಪಾಲಿಗೆ ಅದು ಬಂತು ಎಂದಷ್ಟೇ ಅರ್ಥ. ಒಂದು ಮೀನು ಸತ್ತರೆ, ಅಥವಾ ಒಂದನ್ನು ತೆಗೆದು ಹೊಸದನ್ನು ಬಿಟ್ಟರೆ, ಇದ್ದ ಶ್ರೇಣಿ ಕದಡಿ ಜಗಳ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ನಮ್ಮ ಕಡೆಯ ನೀರು ಈ ಲೆಕ್ಕವನ್ನು ಇನ್ನೂ ಕೆಡಿಸುತ್ತದೆ. ನಾವು ಬದುಕುತ್ತಿರುವುದು ಸುಣ್ಣದಕಲ್ಲಿನ ಹಾಸಿನ ಮೇಲೆ. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದು ನಿಂತದ್ದೇ ಈ ಕಲ್ಲಿಗಾಗಿ. ಈ ಕಲ್ಲಿನ ಸಂದುಗಳಿಂದ ಮೇಲೆತ್ತಿದ ಬೋರ್‌ವೆಲ್ ನೀರು ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ಕಾಣದ ಮನೆ ಇಲ್ಲಿ ಅಪರೂಪ. ಇಂಥ ನೀರು ಸಾಮಾನ್ಯವಾಗಿ ಕ್ಷಾರದ ಕಡೆಗೆ ವಾಲಿರುತ್ತದೆ. ಬರೀ ಗಡಸುತನದಿಂದ ಬೆಟ್ಟಾ ಸಾಯುವುದಿಲ್ಲ, ನಿಧಾನವಾಗಿ ಒಗ್ಗಿಸಿದರೆ ತಡೆದುಕೊಳ್ಳುತ್ತದೆ. ತೊಂದರೆ ಇರುವುದು ಅಮೋನಿಯಾದಲ್ಲಿ.

ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಬಿಡುತ್ತಲೇ ಇರುತ್ತದೆ. ಅದರಲ್ಲಿ ವಿಷಕಾರಿಯಾದ ಪಾಲು ಎಷ್ಟು ಎಂಬುದು ನೀರಿನ ಪಿಎಚ್, ಅಂದರೆ ಅದು ಎಷ್ಟು ಕ್ಷಾರ ಎಂಬ ಅಳತೆಯ ಮೇಲೆ, ಮತ್ತು ಶಾಖದ ಮೇಲೆ ನಿಂತಿದೆ. 25 ಡಿಗ್ರಿ ಶಾಖದಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷದ ಪಾಲು ಶೇ. 0.6ರಷ್ಟು. ಪಿಎಚ್ 8 ಆದರೆ ಅದು ಶೇ. 5 ದಾಟುತ್ತದೆ, ಅಂದರೆ ಸುಮಾರು ಹತ್ತು ಪಟ್ಟು. ನೀರಿನ ಶಾಖ 30 ಡಿಗ್ರಿಗೆ ಏರಿದರೆ ಶೇ. 7 ಮೀರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಬಿಸಿಲಿರುವಾಗ ಮನೆಯೊಳಗಿನ ತೊಟ್ಟಿ 30 ದಾಟುವುದು ಇಲ್ಲಿ ಮಾಮೂಲು. ಪೆಟ್ಟು ಹಂಚಲೆಂದು ಮೀನಿನ ಸಂಖ್ಯೆ ಏರಿಸಿದವರು ಅದೇ 45 ಲೀಟರಿನಲ್ಲಿ ವಿಷವನ್ನೂ ಏರಿಸಿದಂತಾಯಿತು. ತಂಪಾದ, ಮೆದು ನೀರಿನ ಊರಿನವರು ಹೇಳುವ ಸಂಖ್ಯೆಯನ್ನು ಶಹಾಬಾದಿಗೆ ಹಾಗೆಯೇ ತಂದರೆ ಅದು ಇಲ್ಲಿ ಒಗ್ಗುವುದಿಲ್ಲ.

5. “ಗಿಡ, ಕಲ್ಲು ಗಚ್ಚಾಗಿ ಹಾಕಿದ್ರ ಮುಗೀತು.”

ಎದುರಾಳಿಗಳ ಮಾತುಗಳಲ್ಲಿ ತೂಕವಿರುವುದು ಇದಕ್ಕೇ. ಒಂದು ಮೀನಿನ ಕಣ್ಣಿನಿಂದ ಇನ್ನೊಂದನ್ನು ಮರೆ ಮಾಡುವುದು ಜಗಳ ತಗ್ಗಿಸುವ ಒಳ್ಳೆಯ ಉಪಾಯ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇದು ಎಲ್ಲಿ ಸೋಲುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು.

ಬೆಟ್ಟಾ ಕಿವಿರಿನಿಂದ ಮಾತ್ರ ಉಸಿರಾಡುವ ಮೀನಲ್ಲ. ಅದರ ತಲೆಯೊಳಗೆ ಕಿವಿರಿನ ಮೇಲ್ಭಾಗದಲ್ಲಿ ಲ್ಯಾಬಿರಿಂತ್ ಎಂಬ ಮಡಿಕೆಮಡಿಕೆಯ ಅಂಗವಿದೆ. ಮೇಲೆ ಬಂದು ಬಾಯಿ ತುಂಬ ಗಾಳಿ ನುಂಗಿ, ಆ ಅಂಗದಲ್ಲಿ ಅದರ ಆಮ್ಲಜನಕ ಹೀರಿಕೊಳ್ಳುತ್ತದೆ. ತೆಲಂಗಾಣದ ಗಡಿಯುದ್ದಕ್ಕೂ ಜನ ಇಷ್ಟಪಟ್ಟು ತಿನ್ನುವ ಕೊರಮೀನು ಕೂಡ ಹೀಗೇ ಗಾಳಿ ನುಂಗುವ ಮೀನು. ಬೆಟ್ಟಾಗೆ ಈ ಗಾಳಿ ಸಿಗಲೇಬೇಕು, ನೀರಿನಲ್ಲಿ ಏರ್ ಪಂಪ್ ಎಷ್ಟೇ ಗುಳ್ಳೆ ಎಬ್ಬಿಸುತ್ತಿರಲಿ.

ಈಗ ತೊಟ್ಟಿಯನ್ನು ನೋಡಿ. ಮೇಲುಗೈ ಪಡೆದ ಹೆಣ್ಣು ಎಲೆಗಳು ನೀರಿನ ಮೇಲೆ ಹರಡಿದ ಜಾಗ ಹಿಡಿದು, ಮೇಲ್ಮೈಗೆ ನಾಲ್ಕು ಬೆರಳು ಕೆಳಗೆ ಅಡ್ಡಾಡುತ್ತಿರುತ್ತದೆ. ಶ್ರೇಣಿಯಲ್ಲಿ ಕೆಳಗಿನದು ಸ್ಪಾಂಜ್ ಫಿಲ್ಟರಿನ ಹಿಂದೆ, ಗಾಜಿನ ಮೂಲೆಗೆ ಮೈ ಒತ್ತಿ, ರೆಕ್ಕೆ ಮಡಚಿ ನಿಂತಿರುತ್ತದೆ. ತಲೆಯಿಂದ ಬಾಲದವರೆಗೆ ಮೈಯುದ್ದಕ್ಕೂ ಎರಡು ಮೂರು ಕಪ್ಪು ಗೆರೆ ಎದ್ದಿರುತ್ತವೆ. ಮೊಟ್ಟೆಗೆ ಸಿದ್ಧವಾದ ಹೆಣ್ಣಿನ ಮೈಮೇಲೆ ಕಾಣುವವು ಮೇಲಿಂದ ಕೆಳಕ್ಕೆ ಇಳಿವ ಪಟ್ಟೆಗಳು. ಹೀಗೆ ಅಡ್ಡಕ್ಕೆ ಏಳುವ ಗೆರೆ ಹೆದರಿದ ಮೀನಿನದು. ಅದಕ್ಕೆ ಅಡಗಲು ಜಾಗವಿದೆ, ಗಿಡವೂ ದಟ್ಟವಾಗಿದೆ. ಆದರೆ ಉಸಿರು ಕಟ್ಟಿದಾಗ ಅದು ಆ ಮರೆ ಬಿಟ್ಟು ಮೇಲೆ ಬರಲೇಬೇಕು. ಮೇಲೆ ಇನ್ನೊಂದರ ರಾಜ್ಯ. ಸರಕ್ಕನೆ ಎದ್ದು ಒಂದು ಗುಟುಕು ಗಾಳಿ ನುಂಗಿ, ಮೇಲಿನದು ತಿರುಗುವಷ್ಟರಲ್ಲಿ ಮತ್ತೆ ಫಿಲ್ಟರಿನ ಹಿಂದೆ ಬೀಳುತ್ತದೆ. ಕೆಲವು ಸಲ ಗುಟುಕು ಸಿಗದೆ ಅರ್ಧದಲ್ಲೇ ಹಿಂದಿರುಗುತ್ತದೆ. ಹಗಲಿಡೀ ಇದೇ ಪಾಡು. ನೀರೊಳಗೆ ಅಡಗಿಯೇ ಇರಬಲ್ಲ ಬೇರೆ ಮೀನಿಗೆ ಗಿಡ ಕೊಡುವ ರಕ್ಷಣೆಯನ್ನು ಗಾಳಿ ನುಂಗುವ ಈ ಮೀನಿಗೆ ಅದು ಪೂರ್ತಿ ಕೊಡಲಾರದು.

ಕಲ್ಲಿನ ಬಗ್ಗೆ ಒಂದು ಮಾತು. ಮರೆಗೆಂದು ಶಹಾಬಾದ್ ಫರ್ಸಿಯ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ ಗವಿ ಮಾಡುವುದು ನಮ್ಮಲ್ಲಿ ಸುಲಭ, ಕೇಳಿದರೆ ಪುಕ್ಕಟೆಯೂ ಸಿಗುತ್ತದೆ. ಆ ಕಲ್ಲಿನ ಒಡೆದ ಅಂಚನ್ನು ಮೊಳೆಯಿಂದ ಕೆರೆದು, ಆ ಪುಡಿಯ ಮೇಲೆ ನಿಂಬೆರಸ ಬಿಟ್ಟು ನೋಡಿ, ಸಣ್ಣಗೆ ಗುಳ್ಳೆ ಏಳುತ್ತವೆ. ಅದು ಸುಣ್ಣದಕಲ್ಲು, ಆಮ್ಲ ತಾಗಿದರೆ ಕರಗುವ ಗುಣದ್ದು. ಬೋರ್ ನೀರು ಗಡಸೆಂದು ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನ್ ತಂದು ತೊಟ್ಟಿ ತುಂಬಿಸುವವರೂ ಇದ್ದಾರೆ. ಆ ಮೆದು ನೀರಿಗೆ ಈ ಕಲ್ಲು ಇಳಿಬಿಟ್ಟರೆ ನೀರು ದಿನೇ ದಿನೇ ಗಡಸಾಗುತ್ತ ಹೋಗುತ್ತದೆ. ವಾರಕ್ಕೊಮ್ಮೆ ಮತ್ತೆ ಮೆದು ನೀರು ಸುರಿದಾಗ ಆ ಗಡಸುತನ ಸರ್ರನೆ ಇಳಿಯುತ್ತದೆ. ಹೆದರಿ ಸೊರಗಿದ ಮೀನಿಗೆ ಈ ಏರಿಳಿತವೂ ಒಂದು ಪೆಟ್ಟು. ಗಿಡಗಳನ್ನು ತೊಗರಿ, ಹತ್ತಿ ಹೊಲದ ಪಕ್ಕದ ಹಳ್ಳದಿಂದ ಕಿತ್ತು ತರುವವರು ಹುಳಕ್ಕೆ ಹೊಡೆದ ಔಷಧಿಯೂ ಅದರೊಂದಿಗೆ ಬಂದೀತು ಎಂಬುದನ್ನು ಮರೆಯಬಾರದು.

6. “ದೊಡ್ಡ ದೊಡ್ಡ ಹವ್ಯಾಸಿಗಳು ಮಾಡಿ ತೋರ್ಸ್ಯಾರಲ್ರಿ?”

ತೋರಿಸಿದ್ದಾರೆ, ನಾನು ಇಲ್ಲವೆನ್ನುವುದಿಲ್ಲ. ಹೇಗೆ ಎಂಬುದನ್ನು ಪೂರ್ತಿ ಕೇಳಿಸಿಕೊಳ್ಳೋಣ. ಅವರ ತೊಟ್ಟಿ ನೂರು ಲೀಟರಿಗಿಂತ ದೊಡ್ಡದು. ಮೀನುಗಳು ಒಂದೇ ಸಂತಾನದವು, ಒಂದೇ ದಿನ ಒಟ್ಟಿಗೆ ಬಿಟ್ಟವು. ತಿಂಗಳುಗಟ್ಟಲೆ ಮೊದಲೇ ಗಿಡ ಬೆಳೆಸಿರುತ್ತಾರೆ, ನೀರನ್ನು ವಾರವಾರ ಪರೀಕ್ಷಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಜಗಳ ಕಂಡ ಕೂಡಲೇ ಮೀನನ್ನು ಬೇರೆ ಮಾಡಲು ಅವರ ಬಳಿ ಫಿಲ್ಟರ್ ಓಡುತ್ತಿರುವ ಖಾಲಿ ತೊಟ್ಟಿಗಳು ಸಿದ್ಧವಾಗಿರುತ್ತವೆ. ನಾವು ನೋಡುವುದು ಹಾಲಿನಲ್ಲಿಟ್ಟ ಚೆಂದದ ತೊಟ್ಟಿಯನ್ನು. ಅದನ್ನು ಕಾಯುತ್ತಿರುವ ಆ ಖಾಲಿ ತೊಟ್ಟಿಗಳು ಚಿತ್ರದಲ್ಲಿ ಬರುವುದಿಲ್ಲ.

ಅನುಭವಿಗಳೇ ಹೇಳುವ ನಿಯಮ ಇದು: ಎಷ್ಟು ಹೆಣ್ಣುಗಳಿವೆಯೋ ಅಷ್ಟನ್ನೂ ಬೇರೆಬೇರೆ ಇಡುವ ಸಿದ್ಧತೆ ಇರಲಿ. ಅಷ್ಟು ಸಿದ್ಧತೆ ಇರುವವರು ಮೊದಲ ದಿನದಿಂದಲೇ ಬೇರೆಬೇರೆ ಇಡಬಹುದಲ್ಲ? ಅಷ್ಟು ಸಿದ್ಧತೆ ಇಲ್ಲದವರು ಈ ಕೆಲಸಕ್ಕೆ ಕೈ ಹಾಕಲೇಬಾರದು. ಸೇಡಂನಲ್ಲೋ ಚಿಂಚೋಳಿಯಲ್ಲೋ ರಾತ್ರಿ ಹತ್ತಕ್ಕೆ ಒಂದು ಮೀನು ಇನ್ನೊಂದರ ಕಣ್ಣು ಕಿತ್ತರೆ, ಓಡಿಹೋಗಿ ಔಷಧಿ ತರಲು ಅಂಗಡಿ ತೆರೆದಿರುವುದಿಲ್ಲ, ತೋರಿಸಲು ಮೀನಿನ ಡಾಕ್ಟರೂ ಸಿಗುವುದಿಲ್ಲ. ಇಲ್ಲಿ ಮೀನಿಗೆ ಸಿಗುವ ಒಂದೇ ಚಿಕಿತ್ಸೆ ಮುಂಜಾಗ್ರತೆ.

7. “ನಮ್ಮ ಮನ್ಯಾಗ ಆರು ತಿಂಗ್ಳಾತು, ಏನೂ ಆಗಿಲ್ರಿ.”

ನನಗೆ ಅತಿ ಹೆಚ್ಚು ಸಲ ಬಂದ ಉತ್ತರ ಇದು. ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರ ತೊಟ್ಟಿಯಲ್ಲಿ ರಕ್ತ ಕಂಡಿಲ್ಲ, ಹೆಣ ತೇಲಿಲ್ಲ. ಆದ್ದರಿಂದ ಎಲ್ಲ ಸರಿಯಿದೆ ಎಂದು ಅವರು ಮನಸಾರೆ ನಂಬಿದ್ದಾರೆ. ನನ್ನ ತಕರಾರು ಇರುವುದು ಈ ನಂಬಿಕೆಯ ಬಗ್ಗೆಯೇ.

ಶ್ರೇಣಿ ಗಟ್ಟಿಯಾದ ಮೇಲೆ ಕಚ್ಚಾಟ ಕಡಿಮೆಯಾಗುತ್ತದೆ, ಏಕೆಂದರೆ ಅದರ ಅಗತ್ಯವೇ ಇರುವುದಿಲ್ಲ. ಮೇಲಿನ ಮೀನು ಸ್ವಲ್ಪ ತಿರುಗಿ ನೋಡಿದರೆ ಸಾಕು, ಕೆಳಗಿನದು ಜಾಗ ಖಾಲಿ ಮಾಡುತ್ತದೆ. ಹೊರಗಿನಿಂದ ನೋಡುವವರಿಗೆ ಅದು ಶಾಂತಿ. ಒಳಗೆ ಇರುವುದು ಹೆದರಿಕೆ. ಸದಾ ಹೆದರಿ ಬದುಕುವ ಮೀನಿನ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರಿಯೇ ಇರುತ್ತದೆ, ಅದರಿಂದ ರೋಗ ತಡೆಯುವ ಶಕ್ತಿ ಕುಂದುತ್ತದೆ. ಆಮೇಲೆ ಒಂದು ದಿನ ರೆಕ್ಕೆ ಕೊಳೆಯಲು ಶುರುವಾಗುತ್ತದೆ, ಬಾಯಿಯ ಸುತ್ತ ಬಿಳಿ ಹತ್ತಿಯಂಥದು ಕಟ್ಟುತ್ತದೆ, ಇಲ್ಲವೇ ಮೈ ಊದಿ ಹುರುಪೆ ನಿಮಿರುತ್ತವೆ. ಮನೆಯವರು “ರೋಗ ಬಂದು ಸತ್ತಿತು” ಎನ್ನುತ್ತಾರೆ. ಜಗಳದಿಂದ ಸತ್ತದ್ದು ಎಂದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಮುಚ್ಚಳ ಸರಿಯಿಲ್ಲದ ತೊಟ್ಟಿಯಿಂದ ಹಾರಿ ನೆಲದ ಮೇಲೆ ಒಣಗಿದ ಮೀನೂ “ತಾನಾಗೇ ಹಾರಿತು” ಎಂಬ ಲೆಕ್ಕಕ್ಕೆ ಹೋಗುತ್ತದೆ. ಅದು ಯಾವುದರಿಂದ ತಪ್ಪಿಸಿಕೊಳ್ಳಲು ಹಾರಿತು ಎಂದು ಕೇಳುವವರು ಕಡಿಮೆ.

ಒಳ್ಳೆಯ ಆರೈಕೆಯಲ್ಲಿ ಬೆಟ್ಟಾ ಎರಡು ಮೂರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬದುಕುತ್ತದೆ. ಆರು ತಿಂಗಳು ಅದರ ಆಯುಸ್ಸಿನ ಸಣ್ಣ ಪಾಲು. ಹಾಗಾಗಿ ತಿಂಗಳು ಎಣಿಸುವ ಬದಲು ಬೇರೆ ನಾಲ್ಕನ್ನು ನೋಡಿ ಎಂದು ಕೇಳಿಕೊಳ್ಳುತ್ತೇನೆ. ಕಾಳು ಹಾಕಿದಾಗ ಎಲ್ಲ ಮೀನೂ ಮೇಲೆ ಬರುತ್ತವೆಯೇ, ಇಲ್ಲ ಒಂದು ಹಿಂದೆ ಉಳಿಯುತ್ತದೆಯೇ? ಯಾವುದಾದರೂ ಒಂದು ಯಾವಾಗಲೂ ಅದೇ ಮೂಲೆಯಲ್ಲಿದೆಯೇ? ರೆಕ್ಕೆಯ ಅಂಚು ನೆಟ್ಟಗಿದೆಯೇ, ಕಚ್ಚಿದಂತೆ ಹರಿದಿದೆಯೇ? ಮೈಮೇಲೆ ಅಡ್ಡ ಗೆರೆ ಎದ್ದ ಮೀನು ಇದೆಯೇ? ದೀಪ ಹಾಕಿ ಎದುರಿಗೆ ನಿಂತರೆ ಊಟದ ಆಸೆಗೆ ಎಲ್ಲವೂ ಮುಂದೆ ಬಂದಾವು. ದೂರದಲ್ಲಿ ಕೂತು, ಅವುಗಳ ಗಮನಕ್ಕೆ ಬಾರದಂತೆ ಅರ್ಧ ಗಂಟೆ ನೋಡಿ. ಈ ನಾಲ್ಕರಲ್ಲಿ ಒಂದು ಕಂಡರೂ “ಏನೂ ಆಗಿಲ್ಲ” ಎಂಬ ಮಾತು ನಿಲ್ಲುವುದಿಲ್ಲ.

8. “ಒಂದೇ ಒಂದು ಇಟ್ರ ಅದಕ್ಕ ಬ್ಯಾಸರ ಆಗಂಗಿಲ್ಲೇನ್ರಿ?”

ಮನುಷ್ಯನಿಗೆ ಜೊತೆ ಬೇಕು, ಆದ್ದರಿಂದ ಮೀನಿಗೂ ಬೇಕು ಎಂದು ಅನ್ನಿಸುವುದು ಒಳ್ಳೆಯ ಮನಸ್ಸಿನ ಲಕ್ಷಣವೇ. ಗುಂಪಾಗಿ ಈಜುವ ಮೀನುಗಳಿಗೆ ಅದು ಸರಿ. ಜೀಬ್ರಾ ಡೇನಿಯೋವನ್ನು ಒಂಟಿಯಾಗಿಟ್ಟರೆ ಅದು ಬೆದರಿ ಮೂಲೆ ಸೇರುತ್ತದೆ, ಹತ್ತರ ಜೊತೆಗೆ ಬಿಟ್ಟರೆ ಅರಳುತ್ತದೆ. ಬೆಟ್ಟಾ ತನ್ನ ಜಾಗ ಕಾಯುವ ಮೀನು. ಇನ್ನೊಂದು ಬೆಟ್ಟಾ ಕಂಡಾಗ ಅದರ ಮೈ ಸಿದ್ಧವಾಗುವುದು ಎದುರಿಸಲು.

ಆದರೆ ಈ ಆಕ್ಷೇಪದ ಹಿಂದೆ ಇನ್ನೊಂದು ಸಂಕಟವಿದೆ, ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಂಟಿ ಎಂದರೆ ನಮ್ಮ ಕಣ್ಣಿಗೆ ಬರುವುದು ಕೌಂಟರ್ ಮೇಲಿನ ಒಂದು ಲೀಟರಿನ ಗಾಜಿನ ಬೋಗುಣಿ. ಅದು ಕ್ರೌರ್ಯವೇ. ಅದನ್ನು ವಿರೋಧಿಸುವುದರಲ್ಲಿ ನಾನು ಎದುರಾಳಿಗಳ ಜೊತೆಗೇ ನಿಲ್ಲುತ್ತೇನೆ. ನಾನು ಹೇಳುವ ಒಂಟಿ ಎಂದರೆ ಕನಿಷ್ಠ 20 ಲೀಟರ್ ನೀರು, ಮೆಲ್ಲಗೆ ಓಡುವ ಸ್ಪಾಂಜ್ ಫಿಲ್ಟರ್, ನೀರಿನ ಮೇಲೆ ಒರಗಲು ಅಗಲ ಎಲೆ, ಮೇಲೆ ಮುಚ್ಚಳ. ಅಂಥ ತೊಟ್ಟಿಯಲ್ಲಿ ಒಂದು ಹೆಣ್ಣು ಎಲೆಗಳ ಸಂದು ಹುಡುಕುತ್ತದೆ, ಬೆರಳು ಗುರುತು ಹಿಡಿಯುತ್ತದೆ, ಸೊಳ್ಳೆ ಹುಳ ಹಾಕಿದರೆ ಬೇಟೆಯಾಡುತ್ತದೆ. ಅದನ್ನು ಕಂಡವರು ಬೇಸರದ ಮಾತು ಆಡಲಾರರು.

9. “ಮೀನು ತಿನ್ನೋ ಮಂದಿ ನಾವು. ಮೀನಿನ ನೋವಿನ ಮಾತು ಯಾಕ್ರಿ?”

ಭೀಮಾ, ಕಾಗಿಣಾ ದಂಡೆಯವರಿಗೆ ಮೀನು ಊಟ, ಹಲವರಿಗೆ ಜೀವನೋಪಾಯ. ಅದನ್ನು ನಾನು ಆಕ್ಷೇಪಿಸುವುದಿಲ್ಲ. ತಿನ್ನುವ ಮೀನನ್ನು ಬೇಗ ಕೊಲ್ಲುತ್ತೇವೆ. ಸಾಕುವ ಮೀನನ್ನು ವರ್ಷಗಟ್ಟಲೆ ಗಾಜಿನೊಳಗೆ ಇಡುತ್ತೇವೆ, ಅದೂ ನಮ್ಮ ಸಂತೋಷಕ್ಕಾಗಿ. ಆ ವರ್ಷಗಳ ಹೊಣೆ ನಮ್ಮದು. ಮೀನಿಗೆ ನೋವಿಲ್ಲ ಎನ್ನುವುದೂ ಹಳೆಯ ನಂಬಿಕೆ. 2003ರಲ್ಲಿ ಲಿನ್ ಸ್ನೆಡನ್ ಮತ್ತು ಅವರ ಸಂಗಡಿಗರು ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ನೋವು ಗ್ರಹಿಸುವ ನರತುದಿಗಳನ್ನು ಗುರುತಿಸಿದರು. ತುಟಿಗೆ ಆಮ್ಲ ಚುಚ್ಚಿದ ಮೀನುಗಳು ಊಟ ಬಿಟ್ಟು, ತುಟಿಯನ್ನು ಜಲ್ಲಿಗೆ ಉಜ್ಜಿಕೊಂಡದ್ದನ್ನು ದಾಖಲಿಸಿದರು.

ಹಾಗಾದರೆ ಏನು ಮಾಡಬೇಕು?

ಬೇಡ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಮನೆಯಲ್ಲಿ ಈಗಾಗಲೇ ಹೆಣ್ಣುಗಳ ಗುಂಪು ಇದ್ದವರು ಗಾಬರಿಯಾಗಬೇಕಿಲ್ಲ. ಹೆಚ್ಚು ಪೆಟ್ಟು ತಿಂದದ್ದನ್ನು ಮೊದಲು ಬೇರೆ ಮಾಡಿ, ಆಮೇಲೆ ಎಲ್ಲರನ್ನೂ ಅಟ್ಟುತ್ತಿರುವುದನ್ನು. ಗಾಜಿನ ತೊಟ್ಟಿಯೇ ಆಗಬೇಕೆಂದಿಲ್ಲ. ಮುಚ್ಚಳವಿರುವ 20–25 ಲೀಟರಿನ ಶುಚಿಯಾದ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳಕ್ಕೆ ಗಾಳಿಯಾಡಲು ತೂತು, ಹಳೆ ತೊಟ್ಟಿಯಲ್ಲಿ ಓಡಿದ ಸ್ಪಾಂಜಿನ ಒಂದು ತುಂಡು ಇದ್ದರೆ ಸಾಕು. ದೊಡ್ಡ ತೊಟ್ಟಿಯನ್ನೇ ಬಳಸುವುದಾದರೆ ಆಚೆ ಕಾಣದಂಥ ತಡೆ ಹಾಕಿ ಭಾಗ ಮಾಡಿ. ಬೇಸಿಗೆಯಲ್ಲಿ ಡಬ್ಬಿಯನ್ನು ಫರ್ಸಿ ನೆಲದ ಮೇಲಿಟ್ಟು, ಸುತ್ತ ಒದ್ದೆ ಗೋಣಿತಟ್ಟು ಸುತ್ತಿ. ನಮ್ಮ ಒಣ ಗಾಳಿಗೆ ನೀರು ಬೇಗ ಆರುವುದರಿಂದ ಒಳಗೆ ತಂಪು ಉಳಿಯುತ್ತದೆ. ಐಸ್ ಮಾತ್ರ ಹಾಕಬೇಡಿ, ಶಾಖ ಒಮ್ಮೆಲೇ ಇಳಿದರೆ ಮೀನಿಗೆ ಅಪಾಯ. ಬೇಡವಾದ ಮೀನನ್ನು ಕಾಗಿಣಾಕ್ಕಾಗಲಿ, ಚಂದ್ರಂಪಳ್ಳಿ ಜಲಾಶಯಕ್ಕಾಗಲಿ, ಊರ ಕೆರೆಗಾಗಲಿ ಬಿಡಲೇಬೇಡಿ. ಅದು ಈ ನೀರಿನ ಮೀನಲ್ಲ. ಸಾಕಬಲ್ಲ ಗೆಳೆಯರಿಗೆ ಕೊಡಿ.

ತೊಟ್ಟಿ ತುಂಬ ಬಣ್ಣ ಬೇಕು, ಗುಂಪು ಬೇಕು ಎನ್ನುವವರಿಗೆ ನಮ್ಮ ನೀರೇ ದಾರಿ ತೋರಿಸುತ್ತದೆ. ಗಪ್ಪಿ, ಮೋಲಿ, ಪ್ಲ್ಯಾಟಿಗಳಿಗೆ ಗಡಸು, ಕ್ಷಾರದ ನೀರೇ ಇಷ್ಟ. ಬೆಟ್ಟಾ ಕಷ್ಟಪಟ್ಟು ಒಗ್ಗಿಕೊಳ್ಳಬೇಕಾದ ನೀರಿನಲ್ಲಿ ಇವು ಹುಟ್ಟಿ ಬೆಳೆದಂತೆ ಓಡಾಡುತ್ತವೆ. ಸೊಳ್ಳೆ ಹುಳ ತಿನ್ನಲೆಂದು ಆರೋಗ್ಯ ಇಲಾಖೆಯವರು ತೊಟ್ಟಿ, ಬಾವಿಗಳಿಗೆ ಬಿಡುವ ಮೀನುಗಳಲ್ಲಿ ಗಪ್ಪಿಯೂ ಒಂದು. ಮರಿಗಳ ಕಾಟ ಬೇಡವೆಂದರೆ ಗಂಡು ಗಪ್ಪಿಗಳನ್ನು ಮಾತ್ರ ತನ್ನಿ, ಬಣ್ಣವೂ ಅವಕ್ಕೇ ಹೆಚ್ಚು. ಎರಡಡಿಯ ತೊಟ್ಟಿಯಲ್ಲಿ ಹತ್ತು ಗಂಡು ಗಪ್ಪಿಗಳು ಆರು ಹೆಣ್ಣು ಫೈಟರ್‌ಗಳಿಗಿಂತ ಹೆಚ್ಚು ಸಂಭ್ರಮ ಕೊಡುತ್ತವೆ, ಅವುಗಳಲ್ಲಿ ಯಾವುದೂ ಉಸಿರಿಗಾಗಿ ಹೆದರಬೇಕಿಲ್ಲ.

ನನ್ನ ಉತ್ತರಕ್ಕೆ ಮರು ಉತ್ತರ ಇರುವವರು ಖಂಡಿತ ಕೊಡಲಿ, ನಾನು ಗಮನವಿಟ್ಟು ಕೇಳುತ್ತೇನೆ. ಆದರೆ ಆ ಉತ್ತರ ತೊಟ್ಟಿಯ ಅಂದದಿಂದ, ಮೇಲೆ ಓಡಾಡುವ ಗಟ್ಟಿ ಮೀನಿನಿಂದ ಶುರುವಾಗದಿರಲಿ. ಶ್ರೇಣಿಯಲ್ಲಿ ಎಲ್ಲರಿಗಿಂತ ಕೆಳಗಿರುವ ಆ ಒಂದು ಹೆಣ್ಣು ಎರಡಡಿ ಗಾಜಿನೊಳಗೆ ಎಲ್ಲಿ ಹೋಗಬೇಕು, ಹೆದರದೆ ಹೇಗೆ ಉಸಿರಾಡಬೇಕು ಎಂಬುದನ್ನು ಮೊದಲು ಹೇಳಲಿ. ಅದಕ್ಕೆ ಉತ್ತರ ಸಿಗುವವರೆಗೆ ನನ್ನ ಮಾತು ಬದಲಾಗುವುದಿಲ್ಲ: ಒಂದು ತೊಟ್ಟಿಗೆ ಒಂದೇ ಬೆಟ್ಟಾ, ಗಂಡಾದರೂ ಸರಿ, ಹೆಣ್ಣಾದರೂ ಸರಿ.